ಬರೆಯದ ನಿಯಮ, ಬರೆದ ಕರಾರು



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರು ವಚನ, ಕೀರ್ತನೆ, ಗಡಿ, ಭಾಷಾನೀತಿ ಮುಂತಾದ ಘನವಾದ ವಿಷಯಗಳನ್ನು ಆರಿಸಿಕೊಂಡಿದ್ದರು. ನಾನು ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರನನ್ನು ಕುರಿತು ಮಾತನಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಒಂದು ಗಳಿಗೆ ಸುಮ್ಮನಾಗಿ, ಅನಂತರ "ಆಗಲಿ, ಬದಲಾವಣೆ ಇರಲಿ" ಎಂದರು. ಅವರ ಸೌಜನ್ಯಕ್ಕೆ ಕೃತಜ್ಞ. ಆಟದ ವಿಷಯದಲ್ಲಿ ನಾನು ಪಂಡಿತನಲ್ಲ. ಸರಕಾರಿ ಜಮೀನು, ಕಟ್ಟಡಗಳ ಗುತ್ತಿಗೆ ಪತ್ರಗಳನ್ನು ಓದುವುದರಲ್ಲಿ, ಓದಿ ಟಿಪ್ಪಣಿ ಬರೆಯುವುದರಲ್ಲಿ ಮೂವತ್ತು ವರ್ಷ ಕಳೆದವನು. ಈ ಆಟಗಾರನ ಬದುಕು ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೂ ಒಂದು ಗುತ್ತಿಗೆಯ ಪ್ರಕರಣವೇ ಕಾರಣ.

ಮಗಳು ಲಾಸ್ ಏಂಜಲಿಸ್‌ನಲ್ಲಿ ಓದುತ್ತಿದ್ದಾಗ ನಾವು ದಂಪತಿಗಳು ಕೆಲವು ವಾರ ಅಲ್ಲಿಗೆ ಹೋಗಿದ್ದೆವು. ಊರು ತೋರಿಸುವ ನೆಪದಲ್ಲಿ ಆಕೆ ಒಂದು ದಿನ ಅಲ್ಲಿಯ ಕೊಲಿಸಿಯಂ ಕ್ರೀಡಾಂಗಣಕ್ಕೆ ಕರೆದೊಯ್ದಳು. ನನಗೆ ಅದನ್ನು ನೋಡುವ ಆಸೆಯಿದ್ದದ್ದು ಬೇರೆಯ ಕಾರಣಕ್ಕೆ. 1932ರ ಒಲಿಂಪಿಕ್ಸ್‌ನಲ್ಲಿ ಧ್ಯಾನ್‌ಚಂದ್, ರೂಪ್‌ಸಿಂಗ್ ಸೋದರರು ಅಮೆರಿಕದ ವಿರುದ್ಧ ಆಡಿ, ಭಾರತ 24-1ರಿಂದ ಗೆದ್ದದ್ದು ಅದೇ ಮೈದಾನದಲ್ಲಿ. ಆ ಹುಲ್ಲನ್ನು ನೋಡಲು ಹೋದವನಿಗೆ ಅಲ್ಲಿ ಇನ್ನೊಂದು ಹೆಸರು ಕಿವಿಗೆ ಬಿತ್ತು: ಕೆನ್ನಿ ವಾಷಿಂಗ್‌ಟನ್. ಹಿಂತಿರುಗಿದ ಮೇಲೆ ಅವನನ್ನು ಕುರಿತು ಸಿಕ್ಕಿದ್ದೆಲ್ಲವನ್ನೂ ಓದಿದೆ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹೆಸರು ಫುಟ್‌ಬಾಲ್ ಆದರೂ ಕಾಲಿನ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೆ ಜೊತೆಗಾರನಿಗೆ ಎಸೆಯಬೇಕು. ನೂರು ಗಜದ ಅಂಕಣ, ಕಡೆಗೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯದು. ಓಡುವವನನ್ನು ಉರುಳಿಸಲು ಎದುರು ಪಕ್ಷ ಮೈಮೇಲೆ ಬೀಳುತ್ತದೆ. ನಮ್ಮ ಕಬಡ್ಡಿಯಲ್ಲಿ ಗೆರೆ ಮುಟ್ಟುವ ಮುನ್ನ ಏಳು ಜನ ಮೇಲೆ ಬೀಳುವ ದೃಶ್ಯವನ್ನು ನೆನಪಿಸಿಕೊಳ್ಳಿ. ಅದನ್ನು ಹತ್ತರಷ್ಟು ಒರಟಾಗಿಸಿದರೆ ಈ ಆಟದ ಅಂದಾಜು ಸಿಗುತ್ತದೆ. 1930ರ ದಶಕದಲ್ಲಿ ತಲೆಗೆ ತೊಗಲಿನ ಟೋಪಿ, ಮುಖಕ್ಕೆ ಯಾವ ರಕ್ಷಣೆಯೂ ಇಲ್ಲ.

ಕೆನ್ನಿ ಹುಟ್ಟಿದ್ದು ಲಾಸ್ ಏಂಜಲಿಸ್‌ನಲ್ಲಿ, 1918ರ ಆಗಸ್ಟ್ 31ರಂದು. ತಂದೆ ಎಡ್ಗರ್ ಕಪ್ಪು ಜನರ ಬೇಸ್‌ಬಾಲ್ ತಂಡಗಳಲ್ಲಿ ಆಡಿದವನು, ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವನು; ಮನೆಯಲ್ಲಿ ನಿಂತದ್ದು ಕಡಿಮೆ. ಹುಡುಗನನ್ನು ಬೆಳೆಸಿದ್ದು ಅಜ್ಜಿ, ಮತ್ತು ಪೊಲೀಸ್ ಇಲಾಖೆಯಲ್ಲಿದ್ದ ಚಿಕ್ಕಪ್ಪ. ಕೇರಿ ಬಹುಮಟ್ಟಿಗೆ ಇಟಲಿಯಿಂದ ಬಂದವರದು. ಕಪ್ಪು ಹುಡುಗ ಅವರ ಮಕ್ಕಳೊಡನೆ ಬೆಳೆದ. ಪ್ರೌಢಶಾಲೆಯಲ್ಲಿ ಫುಟ್‌ಬಾಲ್, ಬೇಸ್‌ಬಾಲ್ ಎರಡರಲ್ಲಿಯೂ ಹೆಸರು ಮಾಡಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯನ್ನು, ಜನ ಯು.ಸಿ.ಎಲ್.ಎ. ಎನ್ನುತ್ತಾರಲ್ಲ, ಅದನ್ನು ಸೇರಿದ.

ಅಲ್ಲಿ 1937ರಿಂದ 1939ರ ವರೆಗೆ ಮೂರು ಋತು ಆಡಿದ. 1937ರಲ್ಲಿ ನೆರೆಯ ಪ್ರತಿಸ್ಪರ್ಧಿ ವಿಶ್ವವಿದ್ಯಾಲಯದೆದುರು ಸೋಲುತ್ತಿದ್ದಾಗ ಅವನು ಎಸೆದ ಒಂದು ಚೆಂಡು ಗಾಳಿಯಲ್ಲಿ 60 ಗಜಕ್ಕೂ ಮಿಕ್ಕಿ ಸಾಗಿ ಜೊತೆಗಾರನ ಕೈ ಸೇರಿತಂತೆ. ಪಂದ್ಯ ಸೋತರೂ ಊರಿಗೆ ಊರೇ ಆ ಎಸೆತವನ್ನು ಆಡಿಕೊಂಡಿತು. 1939ರಲ್ಲಿ ಆ ತಂಡದಲ್ಲಿ ನಾಲ್ವರು ಕಪ್ಪು ಆಟಗಾರರಿದ್ದರು: ವಾಷಿಂಗ್‌ಟನ್, ವುಡಿ ಸ್ಟ್ರೋಡ್, ರೇ ಬಾರ್ಟ್ಲೆಟ್, ಮತ್ತು ಜಾಕಿ ರಾಬಿನ್‌ಸನ್. ಹೌದು, 1947ರಲ್ಲಿ ಬೇಸ್‌ಬಾಲ್‌ನ ವರ್ಣಗೋಡೆಯನ್ನು ಕೆಡವಿ ಜಗತ್ಪ್ರಸಿದ್ಧನಾದ ರಾಬಿನ್‌ಸನ್. ಆದರೆ ಕಾಲೇಜಿನ ಬೇಸ್‌ಬಾಲ್ ಅಂಕಿಅಂಶಗಳಲ್ಲಿ ವಾಷಿಂಗ್‌ಟನ್ನನ ಬ್ಯಾಟಿಂಗ್ ಸರಾಸರಿ ರಾಬಿನ್‌ಸನ್‌ನದಕ್ಕಿಂತ ಬಹಳ ಮೇಲಿದೆ! ಅಂದಿನ ಪದ್ಧತಿಯಂತೆ ಆಕ್ರಮಣಕ್ಕೂ ರಕ್ಷಣೆಗೂ ಅದೇ ಆಟಗಾರರು ನಿಲ್ಲಬೇಕಾಗಿತ್ತು. 1939ರ ಋತುವಿನ 600 ನಿಮಿಷಗಳಲ್ಲಿ ವಾಷಿಂಗ್‌ಟನ್ 580 ನಿಮಿಷ ಮೈದಾನದಲ್ಲಿದ್ದ. ಓಟ, ಎಸೆತ ಎರಡೂ ಸೇರಿ 1,370 ಗಜ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾದ. 'ಲಿಬರ್ಟಿ' ಎಂಬ ಪತ್ರಿಕೆ ಆಟಗಾರರಿಂದಲೇ ಮತ ಪಡೆದು ಆರಿಸಿದ ತಂಡದಲ್ಲಿ, ತಾನು ಎದುರಿಸಿದ ಪ್ರತಿಯೊಬ್ಬ ಆಟಗಾರನ ಮತವನ್ನೂ ಪಡೆದವನು ಅವನೊಬ್ಬನೇ. ಪಂಡಿತರ ಪಟ್ಟಿಗಳಲ್ಲಿ ಮಾತ್ರ ಆತ ಬಹುತೇಕ ಎರಡನೆಯ ತಂಡಕ್ಕೆ ಇಳಿದಿದ್ದ.

1939ರ ಡಿಸೆಂಬರ್ 9. ಆ ದಿನವನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಂದು ಕೊಲಿಸಿಯಂನಲ್ಲಿ ಒಂದು ಲಕ್ಷಕ್ಕೂ ಮೀರಿದ ಜನ. ಅದೇ ನೆರೆಯ ಪ್ರತಿಸ್ಪರ್ಧಿಯೊಡನೆ ವರ್ಷದ ಕೊನೆಯ ಪಂದ್ಯ. ಕಡೆಯ ನಿಮಿಷಗಳಲ್ಲಿ ಯು.ಸಿ.ಎಲ್.ಎ. ಗುರಿಗೆರೆಯಿಂದ ಕೆಲವೇ ಗಜಗಳ ದೂರ ತಲಪಿ, ಮುಂದೆ ಹೋಗಲಾರದೆ, 0-0 ಸಮಬಲವಾಯಿತು. ಆಟ ಮುಗಿಯಲು ಕೆಲವು ಸೆಕೆಂಡುಗಳಿರುವಾಗ ವಾಷಿಂಗ್‌ಟನ್ನನನ್ನು ಹೊರಗೆ ಕರೆದರು. ಅವನು ಮೈದಾನ ದಾಟಿ ನಡೆದು ಬರುವಾಗ ಎರಡೂ ಪಕ್ಷದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅದೇ ದಿನ, ಸಾವಿರಾರು ಮೈಲಿಯಾಚೆ ಮಿಲ್ವಾಕಿ ನಗರದ ಒಂದು ಹೋಟೆಲಿನಲ್ಲಿ, ವೃತ್ತಿಪರ ತಂಡಗಳ ಒಡೆಯರು ಸೇರಿದ್ದರು. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಹತ್ತು ತಂಡಗಳು ಕಾಲೇಜು ಮುಗಿಸುತ್ತಿದ್ದ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಸಭೆ ಅದು. ಒಟ್ಟು 200 ಹೆಸರುಗಳನ್ನು ಕರೆದರು. ದೇಶದ ಮೊದಲಿಗನ ಹೆಸರು ಆ ಇನ್ನೂರರಲ್ಲಿ ಇರಲಿಲ್ಲ.

ಏಕೆ ಎಂದು ಕೇಳಿದರೆ ಉತ್ತರ ಕೊಡಬೇಕಾದ ಕಾಗದವೇ ಇಲ್ಲ. ಲೀಗ್‌ನ ನಿಯಮಾವಳಿಯಲ್ಲಿ ಕಪ್ಪು ಆಟಗಾರ ಕೂಡದು ಎಂಬ ಸಾಲು ಎಲ್ಲಿಯೂ ಇರಲಿಲ್ಲ. 1920ರಷ್ಟು ಹಿಂದೆಯೇ ಫ್ರಿಟ್ಜ್ ಪೊಲಾರ್ಡ್ ಮುಂತಾದ ಕೆಲವರು ಅದರಲ್ಲಿ ಆಡಿದ್ದರು. 1933ರಲ್ಲಿ ಜೋ ಲಿಲಾರ್ಡ್, ರೇ ಕೆಂಪ್ ಎಂಬಿಬ್ಬರು ಆಡಿದ್ದೇ ಕೊನೆ. 1934ರಿಂದ 1945ರ ವರೆಗೆ ಒಬ್ಬನೂ ಇಲ್ಲ. ಆ ವರ್ಷಗಳಲ್ಲಿ ಯಾರೂ ಠರಾವು ಮಾಡಲಿಲ್ಲ, ಸುತ್ತೋಲೆ ಹೊರಡಿಸಲಿಲ್ಲ. ಒಡೆಯರ ನಡುವೆ ಒಂದು ತಿಳಿವಳಿಕೆಯಿತ್ತು, ಅಷ್ಟೆ. ವಾಷಿಂಗ್‌ಟನ್ ನಗರದ ತಂಡದ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಅದರ ಮುಖ್ಯ ಪೋಷಕನೆಂದು ಹೇಳುತ್ತಾರೆ. ಉಳಿದವರು ಮುಂದೆ ಬಂದು ಅದನ್ನು ಮುರಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಚೇರಿಯ ಅನುಭವದಿಂದ ಹೇಳುತ್ತೇನೆ: ಬರೆದ ನಿಯಮ ಎಷ್ಟೇ ಕೆಟ್ಟದ್ದಿರಲಿ, ಅದನ್ನು ಪ್ರಶ್ನಿಸಬಹುದು, ನ್ಯಾಯಾಲಯಕ್ಕೆ ಒಯ್ಯಬಹುದು. ಬರೆಯದ ನಿಯಮಕ್ಕೆ ಕಡತಸಂಖ್ಯೆಯಿಲ್ಲ, ಸಹಿಯಿಲ್ಲ. ಆದ್ದರಿಂದ ಮೇಲ್ಮನವಿಯೂ ಇಲ್ಲ.

ಪುಣೆಯಲ್ಲಿ ಕುಳಿತು ಇದನ್ನು ಕೇಳುತ್ತಿರುವ ನಮಗೆ ಇದು ದೂರದ ಕಥೆಯೆಂದು ಅನ್ನಿಸಬೇಕಾಗಿಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿ, ಇದೇ ಊರಿನ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕಿದ್ದು, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತ ಪಾಲ್ವಂಕರ್ ಬಾಳೂ ಅವರಿಗೆ ಹಿಂದೂ ತಂಡದ ನಾಯಕತ್ವ ಏಕೆ ಸಿಗಲಿಲ್ಲ ಎಂಬುದಕ್ಕೂ ಯಾವ ಠರಾವೂ ಸಿಗಲಾರದು. ಆ ಮಾತು ಅಲ್ಲಿಗೇ ಇರಲಿ.

ವಾಷಿಂಗ್‌ಟನ್ನನನ್ನು ಕೈಬಿಟ್ಟಾಗ ಸ್ಯಾಮ್ ಬಾಲ್ಟರ್ ಎಂಬ ರೇಡಿಯೊ ವಕ್ತಾರ ಒಡೆಯರಿಗೆ ಬಹಿರಂಗ ಪತ್ರವೊಂದನ್ನು ಓದಿ, ಉತ್ತರ ಹೇಳಿ ಎಂದು ಕೇಳಿದ. ಯಾರೂ ಹೇಳಲಿಲ್ಲ. 1940ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಕಾಲೇಜು ಆಟಗಾರರ ತಂಡಕ್ಕೂ ಹಿಂದಿನ ವರ್ಷದ ವೃತ್ತಿಪರ ಚಾಂಪಿಯನ್ನರಿಗೂ ನಡೆದ ಪಂದ್ಯದಲ್ಲಿ ವಾಷಿಂಗ್‌ಟನ್ ಆಡಿದ, ಅಂಕವನ್ನೂ ಗಳಿಸಿದ. ಷಿಕಾಗೊ ಬೇರ್ಸ್ ತಂಡದ ಜಾರ್ಜ್ ಹಲಾಸ್ ಅವನಿಗೆ, ಊರಿನಲ್ಲಿಯೇ ಇರು, ಉಳಿದವರನ್ನು ಒಪ್ಪಿಸಿ ನೋಡುತ್ತೇನೆ ಎಂದನಂತೆ. ಹುಡುಗ ಕಾದ. ಕೆಲವು ದಿನಗಳ ನಂತರ ಊರಿಗೆ ಹಿಂತಿರುಗಿದ.

ಅನಂತರ ಆರು ವರ್ಷಗಳು. ಪೆಸಿಫಿಕ್ ಕರಾವಳಿಯ ಒಂದು ಚಿಕ್ಕ ವೃತ್ತಿಪರ ಲೀಗ್‌ನಲ್ಲಿ ಹಾಲಿವುಡ್ ಬೇರ್ಸ್ ಎಂಬ ತಂಡಕ್ಕೆ ಆಡಿದ. ಅಲ್ಲಿ ಅವನೇ ಆಕರ್ಷಣೆ. ಜನ ಅವನಿಗಾಗಿ ಬರುತ್ತಿದ್ದರು. ಸಿನಿಮಾಗಳಲ್ಲಿ ಪಾತ್ರ ಮಾಡಿದ. ಆದರೆ ಓಡುವ ಆಟಗಾರನ ಆಯುಸ್ಸು ಮೊಣಕಾಲಿನಲ್ಲಿದೆ. ಆ ವರ್ಷಗಳಲ್ಲಿ ಅವನ ಮೊಣಕಾಲು ಹೋಯಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಇಪ್ಪತ್ತೆರಡರಿಂದ ಇಪ್ಪತ್ತೇಳರ ವರೆಗಿನ ಪ್ರಾಯ ಆ ಸಣ್ಣ ಮೈದಾನಗಳಲ್ಲಿ ಕರಗಿತು.

ಈಗ ನನ್ನ ಇಲಾಖೆಯ ವಿಷಯಕ್ಕೆ ಬರುತ್ತೇನೆ. 1945ರ ಚಾಂಪಿಯನ್ ತಂಡ ಕ್ಲೀವ್‌ಲೆಂಡ್ ನಗರದ ರಾಮ್ಸ್. ಗೆದ್ದರೂ ಒಡೆಯ ಡಾನ್ ರೀವ್ಸ್‌ಗೆ ನಷ್ಟ. ಆತ ತಂಡವನ್ನು ಲಾಸ್ ಏಂಜಲಿಸ್‌ಗೆ ಒಯ್ಯಲು ನಿಶ್ಚಯಿಸಿದ. ಒಂದು ಲಕ್ಷ ಜನ ಕೂರುವ ಕೊಲಿಸಿಯಂ ಅವನ ಕಣ್ಣಿನಲ್ಲಿತ್ತು. ಆದರೆ ಕೊಲಿಸಿಯಂ ಯಾವ ಧನಿಕನ ಸೊತ್ತೂ ಅಲ್ಲ. ಸಾರ್ವಜನಿಕರ ತೆರಿಗೆಯ ಹಣದಿಂದ ಕಟ್ಟಿದ್ದು. ಅದನ್ನು ನೋಡಿಕೊಳ್ಳುವುದಕ್ಕೆ ಒಂದು ಸಾರ್ವಜನಿಕ ಆಯೋಗವಿತ್ತು. ಬಾಡಿಗೆಗೆ ಬೇಕಾದವರು ಆಯೋಗದ ಮುಂದೆ ಹಾಜರಾಗಬೇಕು, ಸಭೆಯಲ್ಲಿ ಊರಿನವರೂ ಮಾತನಾಡಬಹುದು.

1946ರ ಜನವರಿಯಲ್ಲಿ ಆ ಸಭೆ ನಡೆಯಿತು. ರಾಮ್ಸ್ ಪರವಾಗಿ ಅವರ ಜನರಲ್ ಮ್ಯಾನೇಜರ್ ಚೈಲ್ ವಾಲ್ಶ್ ಬಂದಿದ್ದ. ಕಪ್ಪು ಜನರ ಪತ್ರಿಕೆಗಳ ಕ್ರೀಡಾ ವರದಿಗಾರರೂ ಬಂದಿದ್ದರು. ಅವರಲ್ಲಿ 'ಲಾಸ್ ಏಂಜಲಿಸ್ ಟ್ರಿಬ್ಯೂನ್'ನ ಹ್ಯಾಲಿ ಹಾರ್ಡಿಂಗ್ ಎದ್ದು ಮಾತನಾಡಿದ. ಲೀಗ್‌ನ ಮೊದಲ ದಿನಗಳಲ್ಲಿ ಕಪ್ಪು ಆಟಗಾರರಿದ್ದರು, ಆಮೇಲೆ ಏಕೆ ಇಲ್ಲವಾದರು. ಯುದ್ಧದಲ್ಲಿ ಕಪ್ಪು ಸೈನಿಕರು ದುಡಿದು ಬಂದಿದ್ದಾರೆ. ಇದೇ ಊರಿನ, ಇದೇ ಮೈದಾನದ ಕೆನ್ನಿ ವಾಷಿಂಗ್‌ಟನ್ ಹೊರಗೆ ನಿಂತಿದ್ದಾನೆ ಎಂದು ಒಂದೊಂದಾಗಿ ಮುಂದಿಟ್ಟ. ನಮ್ಮಲ್ಲಿ ಅಂಥ ನಿಯಮವೇನೂ ಇಲ್ಲವಲ್ಲ ಎಂದು ವಾಲ್ಶ್ ಹೇಳಿದ. ಬರೆಯದ ನಿಯಮವನ್ನು ಕಾಪಾಡುವವರೆಲ್ಲ ಹೇಳುವುದು ಅದನ್ನೇ. ಈ ಸಲ ಅದು ಅವನಿಗೇ ತಿರುಗಿತು: ನಿಯಮವಿಲ್ಲದಿದ್ದರೆ ತೆಗೆದುಕೊಳ್ಳಲು ಅಡ್ಡಿಯೇನು? ವರ್ಣಭೇದ ಮಾಡುವ ತಂಡಕ್ಕೆ ಈ ಮೈದಾನ ಸಿಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ರಾಮ್ಸ್ ಒಪ್ಪಿದರು. ಮಾರ್ಚ್ 21ರಂದು ವಾಷಿಂಗ್‌ಟನ್ ರಾಮ್ಸ್ ತಂಡದ ಕರಾರಿಗೆ ಸಹಿ ಹಾಕಿದ. ಜೊತೆಗಾರನಾಗಿ ಯಾರು ಬೇಕು ಎಂಬ ಪ್ರಶ್ನೆ ಬಂದಾಗ ಅವನು ಹೇಳಿದ್ದು ಹಳೆಯ ಗೆಳೆಯ ವುಡಿ ಸ್ಟ್ರೋಡ್‌ನ ಹೆಸರನ್ನು. ಮೈದಾನದ ವಿಷಯವಿಲ್ಲದಿದ್ದರೆ ಅವನನ್ನು ತೆಗೆದುಕೊಳ್ಳುತ್ತಿರಲಿಲ್ಲವೆಂದು ಆ ತಂಡದ ತರಬೇತುದಾರನೊಬ್ಬ ಮುಂದೆ ಒಪ್ಪಿಕೊಂಡದ್ದೂ ದಾಖಲೆಯಲ್ಲಿದೆ.

ಇತಿಹಾಸಕಾರರು ಈ ಪ್ರಸಂಗವನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ನಾನು ಮುಗಿಸಲಾರೆ. ಗುತ್ತಿಗೆ ಪತ್ರದ ಕರಾರುಗಳನ್ನು ನಾವು ಗುಮಾಸ್ತಗಿರಿಯೆಂದು ಬಗೆಯುತ್ತೇವೆ. ಇಷ್ಟು ಬಾಡಿಗೆ, ಇಷ್ಟು ಅವಧಿ, ಗೋಡೆಗೆ ಮೊಳೆ ಹೊಡೆಯಕೂಡದು. ಸಾರ್ವಜನಿಕ ಆಸ್ತಿಯನ್ನು ಯಾರಿಗೆ, ಯಾವ ನಡತೆಯ ಮೇಲೆ ಕೊಡಬೇಕು ಎಂದು ಕೇಳುವ ಅಧಿಕಾರ ನಮ್ಮ ಮೇಜಿನ ಮೇಲೆಯೇ ಇದೆಯೆಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಹಾರ್ಡಿಂಗ್‌ಗೆ ಹೊಳೆದಿತ್ತು. ಒಡೆಯರ ಮನಸ್ಸಿನ ಬಾಗಿಲನ್ನು ಅವನು ತಟ್ಟಲಿಲ್ಲ. ಬಾಡಿಗೆಯ ಅರ್ಜಿ ಎಲ್ಲಿ ಬಂದು ಬೀಳುತ್ತದೋ ಅಲ್ಲಿ ಹೋಗಿ ನಿಂತ.

ಇದೇ ಉಪಾಯ ಮತ್ತೊಮ್ಮೆ ಫಲಿಸಿತು. ಮಾರ್ಷಲ್‌ನ ತಂಡ 1961ರ ವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಲಿಲ್ಲ. ಆ ವರ್ಷ ರಾಜಧಾನಿಯ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಅದು ಕೇಂದ್ರ ಸರಕಾರದ ಜಮೀನಿನಲ್ಲಿತ್ತು. ಕೆನಡಿ ಸಂಪುಟದ ಆಂತರಿಕ ವ್ಯವಹಾರಗಳ ಸಚಿವ ಸ್ಟೂವರ್ಟ್ ಯುಡಾಲ್ ಮಾರ್ಷಲ್‌ಗೆ ಎಚ್ಚರಿಕೆ ಕೊಟ್ಟ. 1962ರಲ್ಲಿ ಬಾಬಿ ಮಿಚೆಲ್ ಆ ತಂಡದ ಅಂಗಿ ತೊಟ್ಟ. ಹದಿನಾರು ವರ್ಷಗಳ ಅಂತರದಲ್ಲಿ ಎರಡು ಸಲವೂ ಬಾಗಿಲು ತೆರೆದದ್ದು ಜಮೀನಿನ ಕಾಗದ.

ಆದರೆ ತೆರೆದ ಬಾಗಿಲಿನಲ್ಲಿ ನಡೆದುಹೋದವನ ಮೊಣಕಾಲುಗಳ ಕಥೆಯನ್ನು ಹೇಳಿದ್ದೇನೆ. ರಾಮ್ಸ್‌ನಲ್ಲಿ 1946ರಿಂದ 1948ರ ವರೆಗೆ ಮೂರು ಋತು ಆಡಿದ. ರಾಶಿ ಬಿದ್ದ ಮೈಗಳ ಕೆಳಗೆ, ನಿರ್ಣಾಯಕನ ಕಣ್ಣು ಕಾಣದಲ್ಲಿ, ಗುದ್ದು ಬೀಳುತ್ತಿತ್ತು. ಗೆರೆ ಎಳೆದ ಸುಣ್ಣವನ್ನು ಅವನ ಕಣ್ಣಿಗೆ ತಿಕ್ಕಿದವರೂ ಇದ್ದರಂತೆ. ಷಿಕಾಗೊದಲ್ಲಿ ತಂಡ ಇಳಿದುಕೊಂಡ ಹೋಟೆಲು ಇವರಿಬ್ಬರಿಗೆ ಜಾಗವಿಲ್ಲವೆಂದಿತು. ಕೈಗೆ ಹಣ ಕೊಟ್ಟು ಬೇರೆ ಕಡೆ ಇರಿ ಎಂದರು. ಇಬ್ಬರೂ ಕಪ್ಪು ಜನರ ಹೋಟೆಲೊಂದಕ್ಕೆ ಹೋಗಿ ಕೌಂಟ್ ಬೇಸಿಯ ಸಂಗೀತ ಕೇಳುತ್ತ ಕುಳಿತರು. ರಾತ್ರಿ ತಂಡದ ಪ್ರಮುಖ ಆಟಗಾರ ಬಾಬ್ ವಾಟರ್‌ಫೀಲ್ಡ್ ಹುಡುಕಿಕೊಂಡು ಬಂದು, ವ್ಯವಸ್ಥೆಯಾಗಿದೆ, ಬನ್ನಿ ಎಂದ. ಇವರು ಏಳಲಿಲ್ಲ. ಸ್ಟ್ರೋಡ್ ಹೇಳಿಕೊಂಡ ಈ ಪ್ರಸಂಗದಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಏಳದಿರುವಿಕೆ. ಸ್ಟ್ರೋಡ್‌ನನ್ನು ಒಂದೇ ಋತುವಿನ ನಂತರ ಕೈಬಿಟ್ಟರು. 'ಸ್ಪಾರ್ಟಕಸ್' ಚಿತ್ರ ನೋಡಿದವರಿಗೆ ಅವನ ಮುಖ ನೆನಪಿರಬಹುದು. ಗೆದ್ದೂ ಎದುರಾಳಿಯನ್ನು ಕೊಲ್ಲಲೊಪ್ಪದೆ, ತ್ರಿಶೂಲವನ್ನು ರೋಮಿನ ಗಣ್ಯರ ಕಡೆ ಎಸೆಯುವ ಕಪ್ಪು ಮಲ್ಲ ಅವನೇ. ಲೀಗ್‌ಗೆ ಸೇರಿದ ಆ ದಿನಗಳನ್ನು ತನ್ನ ಬದುಕಿನ ಅತ್ಯಂತ ಕೆಳಮಟ್ಟದ ಕಾಲವೆಂದು ಅವನು ಮುಂದೆ ಹೇಳಿದ್ದುಂಟು. ಇತಿಹಾಸ ನಿರ್ಮಿಸಿದವರಿಗೆ ಅದು ಹಾಗೆ ಕಾಣುವುದಿಲ್ಲ.

1947ರಲ್ಲಿ ಒಂದು ದಿನ ಮಾತ್ರ ಹಳೆಯ ವಾಷಿಂಗ್‌ಟನ್ ಎದ್ದು ಬಂದ. ಆ ವರ್ಷ ಚಾಂಪಿಯನ್ ಆಗಲಿದ್ದ ಷಿಕಾಗೊ ಕಾರ್ಡಿನಲ್ಸ್ ವಿರುದ್ಧ ಒಂದೇ ಓಟದಲ್ಲಿ 92 ಗಜ ಓಡಿದ. ದಶಕಗಳ ಕಾಲ ಆ ತಂಡದಲ್ಲಿ ಅದನ್ನು ಯಾರೂ ಮೀರಲಿಲ್ಲ. ಪ್ರತಿ ಓಟಕ್ಕೆ 7.4 ಗಜದಂತೆ ಆ ಋತುವಿನಲ್ಲಿ ಇಡೀ ಲೀಗ್‌ಗೆ ಮೊದಲಿಗ. ಕುಂಟು ಕಾಲಿನ ಮೇಲೆ! 1948ರ ಡಿಸೆಂಬರ್‌ನಲ್ಲಿ ನಿವೃತ್ತನಾದಾಗ ಕೊಲಿಸಿಯಂನಲ್ಲಿ 'ಕೆನ್ನಿ ವಾಷಿಂಗ್‌ಟನ್ ದಿನ' ಆಚರಿಸಿ ಸನ್ಮಾನ ಮಾಡಿದರು.

ಆ ಸನ್ಮಾನದ ವರ್ಣನೆ ಓದುವಾಗ ನನಗೆ ಬೇರೆಯೊಬ್ಬರು ನೆನಪಾದರು. ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದೆ; ಹೇಳಿಬಿಡುತ್ತೇನೆ. ನಾನು ಇನ್ನೂ ಕೆಳಗಿನ ಅಧಿಕಾರಿಯಾಗಿದ್ದಾಗ ಒಂದು ಕಚೇರಿಯಲ್ಲಿ, ಬಹಳ ಕಾಲದಿಂದ ದಿನಗೂಲಿಯ ಮೇಲೆ ಗುಡಿಸುತ್ತಿದ್ದವರೊಬ್ಬರ ಖಾಯಂ ನೇಮಕದ ಕಡತ ನನ್ನ ಬಳಿ ಬಂತು. ನಾನು ಮೂರು ಸಲ ಆಕ್ಷೇಪಣೆ ಬರೆದೆ. ಮೂರೂ ನಿಯಮಬದ್ಧವಾದವು, ಇಂದಿಗೂ ಯಾವ ಲೆಕ್ಕಪರಿಶೋಧಕನೂ ಅವುಗಳಲ್ಲಿ ತಪ್ಪು ಹಿಡಿಯಲಾರ. ಬೇರೊಂದು ಜಾತಿಯವರ, ಬೇರೊಂದು ಮೇಜಿನವರ ಕಡತಗಳಿಗೆ ನಾನು ಅಷ್ಟು ಆಕ್ಷೇಪಣೆ ಬರೆಯುತ್ತಿದ್ದೆನೆ ಎಂಬ ಪ್ರಶ್ನೆ ಆಗ ಹುಟ್ಟಲಿಲ್ಲ. ಆಜ್ಞೆ ಹೊರಟಾಗ ಅವರ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಅರ್ಹ ಸೇವೆ ಹೇಗೆ ಕೂಡಿಸಿದರೂ ಆಗಲಿಲ್ಲ. ಆತ ಪೇಢೆಯ ಪೊಟ್ಟಣ ಹಿಡಿದು ನನ್ನ ಕೋಣೆಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಸಾಹೇಬ್ರೆ, ಆಯ್ತಲ್ಲ" ಎಂದರು. ನಾನು ಪೇಢೆ ತಿಂದೆ.

ನಿವೃತ್ತಿಯ ನಂತರ ವಾಷಿಂಗ್‌ಟನ್ ವಿಸ್ಕಿ ಮಾರಾಟದ ಕಂಪೆನಿಯಲ್ಲಿ ದುಡಿದ. ಬೇಸ್‌ಬಾಲ್ ತಂಡವೊಂದಕ್ಕೆ ಹೊಸ ಹುಡುಗರನ್ನು ಗುರುತಿಸುವ ಕೆಲಸವನ್ನೂ ಮಾಡಿದ. 1956ರಲ್ಲಿ ಕಾಲೇಜು ಫುಟ್‌ಬಾಲ್‌ನ ಕೀರ್ತಿಭವನಕ್ಕೆ ಅವನ ಹೆಸರು ಸೇರಿತು; ಯು.ಸಿ.ಎಲ್.ಎ. ಅವನ 13ನೆಯ ಅಂಕಿಯ ಅಂಗಿಯನ್ನು ಬೇರೆ ಯಾರೂ ತೊಡದಂತೆ ಎತ್ತಿಟ್ಟಿತು. 1971ರ ಜೂನ್ 24ರಂದು, 52ನೆಯ ವಯಸ್ಸಿನಲ್ಲಿ, ತೀರಿಕೊಂಡ. ತಾನು ಕಂಡ ಅತ್ಯುತ್ತಮ ಫುಟ್‌ಬಾಲ್ ಆಟಗಾರ ಅವನೇ ಎಂದು ರಾಬಿನ್‌ಸನ್ ಬರೆದ. 1946ರಲ್ಲಿಯೇ ಪ್ರತಿಸ್ಪರ್ಧಿ ಲೀಗ್‌ನ ಕ್ಲೀವ್‌ಲೆಂಡ್ ಬ್ರೌನ್ಸ್ ತಂಡ ಸೇರಿದ ಮರಿಯನ್ ಮೋಟ್ಲಿ ಮತ್ತು ಬಿಲ್ ವಿಲಿಸ್ ಇಬ್ಬರೂ ವೃತ್ತಿಪರ ಕೀರ್ತಿಭವನದಲ್ಲಿದ್ದಾರೆ. ಅವರು ಅರ್ಹರು, ಅವರಿಗೆ ಆಡುವುದಕ್ಕೆ ವರ್ಷಗಳಿದ್ದವು.

ಮನೆಗೆ ಬಂದು ಲೀಗ್‌ನ ಅಂಕಿಅಂಶಗಳ ಪುಸ್ತಕದಲ್ಲಿ ವಾಷಿಂಗ್‌ಟನ್ನನ ಸಾಲನ್ನು ಹುಡುಕಿದೆ. ಒಟ್ಟು 140 ಓಟ, 859 ಗಜ. ಅವನ ಹೆಸರಿನ ಮುಂದೆ ಬರುವ ಮೊದಲ ವರ್ಷ 1946. ಆಗ ಅವನಿಗೆ 28 ತುಂಬಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ, ಆಟದ ನಿಯಮಗಳ ಬಗ್ಗೆ ಮಾತ್ರ ಹೆಚ್ಚು ಕೆಣಕಬೇಡಿ.